ನೀರಿನ ಬಿಸಿ, ಮೀನಿನ ಮ್ಯಾಪು: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೇಲಿ ಸಿಹಿನೀರಿನ ಜೀವಿಗಳು ಎಲ್ಲೆಲ್ಲಿ ಇರಬಹುದು ಅಂತ ಕಂಪ್ಯೂಟರ್ ಮಾಡೆಲ್ ಹಾಕಿ ಮ್ಯಾಪ್ ಮಾಡೋ ಕೆಲಸದ ಬಗ್ಗೆ ಒಂದೆರಡು ಮಾತು ಬರೆದಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ತಾಪಮಾನದ ಬಗ್ಗೆನೇ ಇದೆ, ಹಂಗಾಗಿ ಈ ಸಲ ಬೇರೆ ಎಲ್ಲಾ ಪ್ರಶ್ನೆ ಬದಿಗಿಟ್ಟು ಇದನ್ನೇ ಎತ್ಕೊಂಡಿದೀನಿ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿದೀನಿ, ಉದ್ದ ಪತ್ರಗಳನ್ನ ಕತ್ತರಿಸಿದೀನಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಸರ್ ನಮಸ್ತೆ, ನಾನು ಎಂಎಸ್ಸಿ ಕೊನೇ ವರ್ಷ. ಒಂದು ಹೊಳೆ ಮೀನಿನ ಹಂಚಿಕೆ ಮಾಡೆಲ್ ಮಾಡ್ತಿದೀನಿ, ವರ್ಲ್ಡ್‌ಕ್ಲಿಮ್‌ನಿಂದ ಗಾಳಿಯ ತಾಪಮಾನ ತಗೊಂಡು ಮ್ಯಾಕ್ಸೆಂಟ್‌ಗೆ ಹಾಕಿದೆ, ಎಯುಸಿ (ಮೀನು ಇರೋ ಜಾಗವನ್ನ ಉಳಿದ ಜಾಗದಿಂದ ಮಾಡೆಲ್ ಎಷ್ಟು ಚೆನ್ನಾಗಿ ಬೇರೆ ಮಾಡತ್ತೆ ಅನ್ನೋ ಅಂಕ, 1 ಅಂದ್ರೆ ಪೂರ್ತಿ) 0.91 ಬಂತು. ಗೈಡ್ ಮೇಡಂ "ಮೀನು ಗಾಳೀಲಿ ಇರತ್ತಾ, ನೀರಿನ ತಾಪಮಾನ ಹಾಕು" ಅಂದ್ರು. ಎರಡು ತಿಂಗಳು ಒದ್ದಾಡಿ ನೀರಿನ ತಾಪಮಾನ ಹುಡುಕಿ ಹಾಕಿದೆ, 0.92 ಆಯ್ತು ಅಷ್ಟೇ. ಇಷ್ಟಕ್ಕೆ ಇಷ್ಟೆಲ್ಲಾ ಕಷ್ಟ ಬೇಕಿತ್ತಾ?

ಉತ್ತರ: ನಿಮ್ಮ ಮೇಡಂ ಹೇಳಿದ್ದು ಸರಿ, ನಿಮ್ಮ ಬೇಜಾರೂ ಸರಿ. ತಪ್ಪಿರೋದು ನೀವು ಅಳೆಯೋಕೆ ತಗೊಂಡ ಕೋಲಲ್ಲಿ.

ಬೇರೆ ಓದುಗರಿಗೋಸ್ಕರ ಮೊದಲು ಒಂಚೂರು ಹಿನ್ನೆಲೆ. ಒಂದು ಜೀವಿ ಕಂಡ ಜಾಗಗಳ ಪಟ್ಟಿ ಇರತ್ತೆ, ಆ ಜಾಗಗಳಲ್ಲಿ ಬಿಸಿ ಎಷ್ಟು, ಮಳೆ ಎಷ್ಟು, ಇಳಿಜಾರು ಎಷ್ಟು ಅನ್ನೋ ಪದರಗಳಿರತ್ತೆ, ಎರಡನ್ನೂ ಜೋಡಿಸಿ "ಈ ಥರದ ಜಾಗ ಇನ್ನೆಲ್ಲಿದೆ" ಅಂತ ಕಂಪ್ಯೂಟರ್ ಹುಡುಕಿ ಹೇಳತ್ತೆ. 2006ರಲ್ಲಿ ಫಿಲಿಪ್ಸ್, ಆಂಡರ್ಸನ್, ಶಾಪೈರ್ ಅವರು ಮ್ಯಾಕ್ಸೆಂಟ್ ವಿಧಾನದ ಲೇಖನ ಬರೆದ ಮೇಲೆ ಈ ಕೆಲಸ ಎಷ್ಟು ಸುಲಭ ಆಯ್ತು ಅಂದ್ರೆ ಒಂದು ಮಧ್ಯಾಹ್ನದಲ್ಲಿ ಬಣ್ಣಬಣ್ಣದ ಮ್ಯಾಪ್ ಬಂದುಬಿಡತ್ತೆ. ವರ್ಲ್ಡ್‌ಕ್ಲಿಮ್ ಅನ್ನೋದು ಹವಾಮಾನ ಕೇಂದ್ರಗಳ ಲೆಕ್ಕದಿಂದ ಕಟ್ಟಿರೋ, ಸುಮಾರು 1 ಕಿಮೀ ಚೌಕಗಳ ಜಾಗತಿಕ ಡೇಟಾ, ಅದರಲ್ಲಿ 19 ಜೈವಿಕ ಹವಾಮಾನ ಪದರಗಳು ಸಿದ್ಧವಾಗಿ ಸಿಗತ್ತೆ. ಸಿದ್ಧವಾಗಿ ಸಿಗತ್ತೆ ಅನ್ನೋದೇ ತೊಂದರೆ. ನೆಲದ ಮೇಲಿನ ಗಿಡ, ಹಕ್ಕಿಗೆ ಮಾಡಿದ ಅಳತೇನ ತಂದು ಮೀನಿಗೆ, ಏಡಿಗೆ, ಕಪ್ಪೆಚಿಪ್ಪಿಗೆ ಹಾಕ್ತೀವಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಆದ್ರೂ ಅಂಕ ಯಾಕೆ ಚೆನ್ನಾಗಿ ಬರತ್ತೆ? ಯಾಕಂದ್ರೆ ದೊಡ್ಡ ಪ್ರದೇಶ ತಗೊಂಡ್ರೆ ಗಾಳಿ ಬಿಸಿನೂ ನೀರಿನ ಬಿಸಿನೂ ಒಟ್ಟಿಗೇ ಹೋಗತ್ತೆ, ಎರಡೂ ಎತ್ತರದ ಹಿಂದೆ ಹೋಗತ್ತೆ. ಬೆಟ್ಟದ ತುದೀಲಿ ಎರಡೂ ತಂಪು, ಬಯಲಲ್ಲಿ ಎರಡೂ ಬೆಚ್ಚಗೆ. ನೀವು ಇಡೀ ಪ್ರದೇಶದಿಂದ ಹಿನ್ನೆಲೆ ಬಿಂದುಗಳನ್ನ (ಮೀನು ಕಂಡ ಜಾಗಗಳಿಗೆ ಹೋಲಿಸೋಕೆ ತಗೊಳ್ಳೋ ಜಾಗಗಳನ್ನ) ಮನಸ್ಸಿಗೆ ಬಂದಂಗೆ ಆರಿಸಿದಾಗ, ಬೆಟ್ಟದ ಮೀನನ್ನ ಬಯಲಿನಿಂದ ಬೇರೆ ಮಾಡೋದು ಎಷ್ಟು ಸುಲಭದ ಪರೀಕ್ಷೆ ನೋಡಿ, ಅದಕ್ಕೆ ಗಾಳಿ ತಾಪಮಾನ ಯಾಕೆ, ಬರೀ ಎತ್ತರ ಹಾಕಿದ್ರೂ 0.90 ಬರಬಹುದು. ಒಂದ್ಸಲ ಹಾಕಿ ನೋಡಿ, ನಿಜವಾಗ್ಲೂ.

ವ್ಯತ್ಯಾಸ ಕಾಣೋದು ಒಟ್ಟು ಅಂಕದಲ್ಲಲ್ಲ, ಗಾಳಿ-ನೀರಿನ ನಂಟು ಕಡಿದುಹೋಗೋ ಜಾಗಗಳಲ್ಲಿ. ಅಂತರ್ಜಲದ ಒರತೆಯಿಂದ ಹುಟ್ಟೋ ಹಳ್ಳ ಬೇಸಿಗೇಲಿ ಗಾಳಿಗಿಂತ ಎಷ್ಟೋ ತಂಪು, ಚಳಿಗಾಲದಲ್ಲಿ ಗಾಳಿಗಿಂತ ಬೆಚ್ಚಗೆ, ಯಾಕಂದ್ರೆ ಆಳ ಕಡಿಮೆ ಇರೋ ಅಂತರ್ಜಲ ಆ ಜಾಗದ ಇಡೀ ವರ್ಷದ ಸರಾಸರಿ ಬಿಸಿ ಹತ್ತಿರ ನಿಂತಿರತ್ತೆ. ಹಿಮ ಕರಗಿ ಬರೋ ನೀರು, ಎರಡೂ ದಡದಲ್ಲಿ ಮರ ಮುಚ್ಚಿರೋ ಸಣ್ಣ ತೊರೆ, ಅಣೆಕಟ್ಟಿನ ಕೆಳಗಿನ ಹೊಳೆ, ಕಾರ್ಖಾನೆಯ ಬಿಸಿನೀರು ಬಂದು ಸೇರೋ ಜಾಗ, ಇಲ್ಲೆಲ್ಲಾ ಗಾಳಿ ಪದರ ಹೇಳೋದೇ ಒಂದು, ನೀರಲ್ಲಿರೋದೇ ಒಂದು. ನಿಮ್ಮ ಎರಡು ಮ್ಯಾಪ್‌ಗಳನ್ನ ಒಂದರಿಂದ ಒಂದು ಕಳೆದು ವ್ಯತ್ಯಾಸದ ಮ್ಯಾಪ್ ಮಾಡಿ, ಎಲ್ಲಿ ಬಣ್ಣ ಗಾಢವಾಗತ್ತೋ ಅಲ್ಲಿಗೆ ಹೋಗಿ ಬಲೆ ಹಾಕಿ. ಆ ಎರಡು ತಿಂಗಳ ದುಡಿಮೆಗೆ ಬೆಲೆ ಇತ್ತೋ ಇಲ್ವೋ ಅಲ್ಲಿ ಗೊತ್ತಾಗತ್ತೆ.

ಇನ್ನೊಂದು. ಪರೀಕ್ಷೆಗೆ ಅಂತ ಬಿಂದುಗಳನ್ನ ಲಾಟರಿ ಎತ್ತಿದ ಹಾಗೆ ಆರಿಸಿದ್ರೆ, ಕಲಿಕೆಯ ಬಿಂದು ಪಕ್ಕದಲ್ಲೇ ಪರೀಕ್ಷೆಯ ಬಿಂದು ಇರತ್ತೆ, ಒಂದೇ ಹೊಳೇಲಿ 200 ಮೀಟರ್ ದೂರ, ಅದು ಪರೀಕ್ಷೆ ಅಲ್ಲ ಕಾಪಿ. ಒಂದು ಇಡೀ ನದಿ ಕಣಿವೇನ ಹೊರಗಿಟ್ಟು ಉಳಿದದ್ದರಲ್ಲಿ ಮಾಡೆಲ್ ಕಟ್ಟಿ, ಆಮೇಲೆ ಹೊರಗಿಟ್ಟ ಕಣಿವೇಲಿ ಪರೀಕ್ಷೆ ಮಾಡಿ. ಆಗ್ಲೂ 0.01 ವ್ಯತ್ಯಾಸನೇ ಬಂದ್ರೆ, ಹಂಗೇ ಬರೀರಿ ಪ್ರಬಂಧದಲ್ಲಿ, ನಿಮ್ಮ ಪ್ರದೇಶದಲ್ಲಿ ಗಾಳಿ ಸಾಕು ಅಂತ. ಅದೂ ಒಂದು ಉತ್ತರನೇ.

ಪ್ರಶ್ನೆ: ನೀರಿನ ಡೇಟಾ ಇಲ್ಲದ ಕಡೆ ಗಾಳಿ ತಾಪಮಾನದಿಂದ ನೀರಿನದ್ದನ್ನ ಲೆಕ್ಕ ಹಾಕೋಕೆ ಬರತ್ತಾ? ಒಂದು ನೇರ ಗೆರೆ ಎಳೆದ್ರೆ ಸಾಕಾ?

ಉತ್ತರ: ಲೆಕ್ಕ ಹಾಕಬಹುದು, ಆದ್ರೆ ನೇರ ಗೆರೆ ಮಧ್ಯದಲ್ಲಿ ಮಾತ್ರ ಕೆಲಸ ಮಾಡತ್ತೆ, ಎರಡು ತುದೀಲೂ ಕೈ ಕೊಡತ್ತೆ. 1998ರಲ್ಲಿ ಮೊಹ್ಸೇನಿ, ಸ್ಟೀಫನ್, ಎರಿಕ್ಸನ್ ಮೂರು ಜನ ಅಮೆರಿಕದ 584 ಅಳತೆ ಕೇಂದ್ರಗಳ ವಾರದ ಲೆಕ್ಕ ಇಟ್ಕೊಂಡು ಈ ನಂಟು ಇಂಗ್ಲಿಷಿನ ಎಸ್ ಅಕ್ಷರದ ಥರ ಬಾಗತ್ತೆ ಅಂತ ತೋರಿಸಿದ್ರು. ಕಾರಣ ಯೋಚಿಸಿದ್ರೆ ಸುಲಭ. ಗಾಳಿ ಮೈನಸ್ 15ಕ್ಕೆ ಇಳಿದ್ರೂ ಹರಿಯೋ ನೀರು ಸೊನ್ನೆ ಹತ್ತಿರ ನಿಂತುಬಿಡತ್ತೆ, ಅದಕ್ಕಿಂತ ಕೆಳಗೆ ಹೋದ್ರೆ ಅದು ನೀರೇ ಅಲ್ಲ. ಆ ಕಡೆ ತುದೀಲಿ ಬಿಸಿ ಏರಿದಷ್ಟೂ ಆವಿಯಾಗೋದು ಜಾಸ್ತಿ ಆಗತ್ತೆ, ಆವಿ ಹೋಗ್ತಾ ಬಿಸಿನೂ ಹೊತ್ಕೊಂಡು ಹೋಗತ್ತೆ, ಹಂಗಾಗಿ ಗಾಳಿ 40 ಆದ್ರೂ ನೀರು ಅದರ ಜೊತೆ ಓಡಲ್ಲ. ನೇರ ಗೆರೆ ಎಳೆದವರು ಅತಿ ಬಿಸಿ ದಿನಗಳಲ್ಲಿ ಮೀನುಗಳನ್ನೆಲ್ಲಾ ಕಾಗದದ ಮೇಲೇ ಬೇಯಿಸಿಬಿಡ್ತಾರೆ.

ಇಡೀ ನದಿಜಾಲಕ್ಕೆ ಲೆಕ್ಕ ಹಾಕಬೇಕು ಅಂದ್ರೆ ಗಾಳಿ ಜೊತೆ ಎತ್ತರ, ಇಳಿಜಾರು, ಮರದ ಹೊದಿಕೆ, ಹರಿವಿನ ಪ್ರಮಾಣ, ಮೇಲುಗಡೆ ಕೆರೆ ಇದೆಯಾ, ಹಿಮ ಇದೆಯಾ ಇವೆಲ್ಲಾ ಸೇರಿಸ್ತಾರೆ. ಇದರಲ್ಲಿ ನನಗೆ ತುಂಬಾ ಇಷ್ಟವಾದ ಕೆಲಸ ಅಮೆರಿಕದ ಅರಣ್ಯ ಸೇವೆಯವರ ನಾರ್‌ವೆಸ್ಟ್. ನೂರಕ್ಕೂ ಹೆಚ್ಚು ಇಲಾಖೆ, ಸಂಸ್ಥೆಗಳ ಕಪಾಟಿನಲ್ಲಿ, ಹಳೇ ಕಂಪ್ಯೂಟರ್‌ಗಳಲ್ಲಿ ಯಾರೂ ನೋಡದೆ ಬಿದ್ದಿದ್ದ ಹೊಳೆ ತಾಪಮಾನದ ದಾಖಲೆಗಳನ್ನ ಒಂದೆಡೆ ಸೇರಿಸಿದ್ರು, 20 ಸಾವಿರಕ್ಕೂ ಹೆಚ್ಚು ಜಾಗದ್ದು, ಶುದ್ಧ ಮಾಡಿ ಎಲ್ಲರಿಗೂ ತೆರೆದಿಟ್ಟು ಅದರ ಮೇಲೆ ಆಗಸ್ಟ್ ತಿಂಗಳ ಸರಾಸರಿ ಬಿಸಿ ಎಷ್ಟು ಅಂತ ಹೊಳೆಯ ಪ್ರತಿ 1 ಕಿಮೀ ತುಂಡಿಗೂ ಮಾಡೆಲ್ ಮಾಡಿದ್ರು. ಅಲ್ಲಿ ಬಳಸಿದ ಲೆಕ್ಕದ ಚಂದ ಏನು ಅಂದ್ರೆ, ಎರಡು ಜಾಗದ ನಡುವಿನ ದೂರಾನ ಹಕ್ಕಿ ಹಾರಿದ ಹಾಗೆ ನೇರವಾಗಿ ಅಳೆಯಲ್ಲ, ನೀರು ಹರಿಯೋ ದಾರೀಲಿ ಅಳೀತಾರೆ. ಗುಡ್ಡದ ಈ ಕಡೆ ಆ ಕಡೆ ಇರೋ ಎರಡು ಹಳ್ಳ ಮ್ಯಾಪಲ್ಲಿ ಅಕ್ಕಪಕ್ಕ, ಆದ್ರೆ ನೀರಿಗೆ ಅವು ಪರಸ್ಪರ ಗೊತ್ತೇ ಇಲ್ಲ.

ಅಷ್ಟು ಡೇಟಾ ಇಲ್ಲದ ಕಡೆ ಜಾಗತಿಕ ಪದರಗಳಿವೆ. ಫ್ಯೂಚರ್‌ಸ್ಟ್ರೀಮ್ಸ್ ಅಂತ ಒಂದಿದೆ, 2022ರಲ್ಲಿ ಬಂದದ್ದು, ಇಡೀ ಭೂಮಿಯ ನದಿಗಳ ಹರಿವು ಮತ್ತು ನೀರಿನ ತಾಪಮಾನ ವಾರವಾರಕ್ಕೆ ಕೊಡತ್ತೆ, ಆದ್ರೆ ಒಂದೊಂದು ಚೌಕ ಸುಮಾರು 10 ಕಿಮೀ. ದೊಡ್ಡ ನದಿಗೆ ಪರವಾಗಿಲ್ಲ. ನಿಮ್ಮ ಜೀವಿ ಮೊಣಕಾಲು ಆಳದ ತೊರೇಲಿ ಇದ್ರೆ ಆ ಚೌಕದ ಅಂಕಿ ಆ ತೊರೇದಲ್ಲ, ಪಕ್ಕದ ದೊಡ್ಡ ಹೊಳೇದು.

ಪ್ರಶ್ನೆ: ನಮ್ಮ ಹತ್ರ 12 ಲಾಗರ್ (ನೀರಲ್ಲೇ ಇದ್ದು ತಾಪಮಾನ ತಾನೇ ಅಳೆದು ದಾಖಲಿಸೋ ಪುಟ್ಟ ಯಂತ್ರ) ಕೊಳ್ಳೋಷ್ಟು ದುಡ್ಡಿದೆ. ಎಲ್ಲಿ ಹಾಕೋದು, ಎಷ್ಟು ಹೊತ್ತಿಗೊಮ್ಮೆ ಅಳೆಯೋದು? ಹೋದ ವರ್ಷ ಎರಡು ಹಾಕಿದ್ವಿ, ಒಂದು ಕಳೆದೇ ಹೋಯ್ತು, ಇನ್ನೊಂದರಲ್ಲಿ ಒಂದಿನ ಮಧ್ಯಾಹ್ನ 38 ಡಿಗ್ರಿ ತೋರಿಸಿದೆ, ಇದು ನಿಜ ಇರಬಹುದಾ?

ಉತ್ತರ: 38 ಇದ್ದ ದಿನ ರಾತ್ರಿ ಎಷ್ಟಿತ್ತು ನೋಡಿದ್ರಾ? ರಾತ್ರಿ 16, ಮಧ್ಯಾಹ್ನ 38 ಅಂದ್ರೆ ನಿಮ್ಮ ಲಾಗರ್ ನೀರಲ್ಲಿರಲಿಲ್ಲ, ಕಲ್ಲಿನ ಮೇಲೆ ಬಿಸಿಲು ಕಾಯಿಸ್ಕೊಳ್ತಾ ಕೂತಿತ್ತು. ನೀರು ಇಳಿದಾಗ ಹೀಗೇ ಆಗೋದು. ನೀರು ಬಿಸಿಯಾಗೋಕೂ ಸೋಮಾರಿ, ತಣಿಯೋಕೂ ಸೋಮಾರಿ, ಹರಿಯೋ ಹೊಳೇಲಿ ಒಂದೇ ದಿನಕ್ಕೆ 22 ಡಿಗ್ರಿ ಏರಿಳಿತ ಕಂಡ್ರೆ ಮೊದಲ ಅನುಮಾನ ಅದೇ ಇರಬೇಕು. ಪಕ್ಕದಲ್ಲೇ ಗಾಳಿಗೆ ಅಂತ ಒಂದು ಲಾಗರ್ ನೆರಳಲ್ಲಿ ನೇತುಹಾಕಿ, ಎರಡೂ ಗೆರೆ ಒಂದರ ಮೇಲೊಂದು ಕೂತ್ಕೊಂಡ ದಿನ ನೀರಿನದ್ದು ಹೊರಗೆ ಬಂದಿದೆ ಅಂತ ತಿಳೀರಿ. ನಾನು ಶುರುವಿನಲ್ಲಿ ಇದನ್ನ ಮಾಡದೆ ಒಂದು ಇಡೀ ಬೇಸಿಗೆ ಗಾಳಿ ತಾಪಮಾನವನ್ನ ನೀರಿನದ್ದು ಅಂತ ನಂಬ್ಕೊಂಡು ಗ್ರಾಫ್ ಹಾಕಿ, ನಾಲ್ಕು ಜನರ ಮುಂದೆ ತೋರಿಸಿ, ಅದರಲ್ಲಿ ಒಬ್ಬರು "ಈ ಹಳ್ಳದಲ್ಲಿ ಮೀನೇನು ಬೆಂದೇ ಸಿಗತ್ತಾ" ಅಂತ ಕೇಳಿದ ಮೇಲೆ ಕಲಿತಿದ್ದು.

ಹಾಕೋ ಮುಂಚೆ ಎಲ್ಲಾ ಲಾಗರ್‌ಗಳನ್ನ ಒಟ್ಟಿಗೆ, ಪುಡಿ ಮಾಡಿದ ಐಸು ಮತ್ತು ನೀರು ಕಲಸಿದ ಬಕೆಟ್‌ನಲ್ಲಿ ಒಂದು ಗಂಟೆ ಇಡಿ, ಎಲ್ಲವೂ ಸೊನ್ನೆ ಹತ್ತಿರ ತೋರಿಸಬೇಕು, ಅರ್ಧ ಡಿಗ್ರಿ ಆಚೀಚೆ ಇರೋದನ್ನ ಗುರುತು ಹಾಕ್ಕೊಳ್ಳಿ. ತೆಗೆದ ಮೇಲೂ ಇದೇ ಮಾಡಿ. ಹಾಕುವಾಗ ತೂತು ಮಾಡಿದ ಬಿಳಿ ಪಿವಿಸಿ ಪೈಪಿನ ತುಂಡಲ್ಲಿ ಕೂರಿಸಿ, ಬಿಸಿಲು ನೇರ ಬಿದ್ರೆ ಲಾಗರೇ ಕಾದು ನೀರಿಗಿಂತ ಜಾಸ್ತಿ ತೋರಿಸತ್ತೆ. ನೀರು ಓಡಾಡೋ ಕಡೆ ಇರಲಿ, ನಿಂತ ಮಡುವಿನ ಮೂಲೇಲಿ ಬೇಡ, ತಳದ ಮರಳಲ್ಲಿ ಹೂತು ಹೋಗೋ ಕಡೆಯೂ ಬೇಡ. ಕಬ್ಬಿಣದ ಗೂಟಕ್ಕೋ ದೊಡ್ಡ ಬಂಡೆಗೋ ಕೇಬಲ್ ಕಟ್ಟಿ, ಜಾಗದ ಫೋಟೋ ಎರಡು ದಿಕ್ಕಿನಿಂದ ತೆಗೀರಿ. ಆರು ತಿಂಗಳ ನಂತರ "ಆ ದೊಡ್ಡ ಮರದ ಹತ್ರ" ಅಂತ ನೆನಪಲ್ಲಿ ಹುಡುಕೋಕೆ ಹೋದ್ರೆ ಅಲ್ಲಿ ಮರ ಎಲ್ಲಾ ದೊಡ್ಡದೇ ಇರತ್ತೆ.

ಗಂಟೆಗೊಮ್ಮೆ ಅಳತೆ ಸಾಕು. ತೀರಾ ಸಣ್ಣ ತೊರೆ ಆದ್ರೆ ಅರ್ಧ ಗಂಟೆ. ದಿನಕ್ಕೆ ನಾಲ್ಕೇ ಸಲ ಅಳೆದ್ರೆ ಮಧ್ಯಾಹ್ನದ ಶಿಖರ ತಪ್ಪಿಹೋಗತ್ತೆ, ಮೀನಿಗೆ ಏಟು ಬೀಳೋದು ಆ ಹೊತ್ತಲ್ಲೇ.

12ನ್ನ ಎಲ್ಲಿ ಹಾಕೋದು? ಎಲ್ಲರೂ ಮಾಡೋ ತಪ್ಪು ಅಂದ್ರೆ ರಸ್ತೆ ಸೇತುವೆ ಸಿಗೋ ಕಡೆ ಹನ್ನೆರಡೂ ಹಾಕೋದು. ಅದರ ಬದಲು ನಿಮ್ಮ ನದಿಜಾಲದಲ್ಲಿ ಎತ್ತರ, ಹೊಳೆಯ ಗಾತ್ರ, ನೆರಳು ಇವು ಎಷ್ಟು ಬೇರೆಬೇರೆ ಇದೆಯೋ ಅಷ್ಟನ್ನೂ ಮುಟ್ಟೋ ಹಾಗೆ ಹಂಚಿ. ಎರಡು ಹೊಳೆ ಕೂಡೋ ಜಾಗ ಸಿಕ್ಕಿದ್ರೆ ಕೂಡೋದಕ್ಕೆ ಮುಂಚೆ ಎರಡರಲ್ಲೂ ಒಂದೊಂದು, ಕೂಡಿದ ಮೇಲೆ ಸಾಕಷ್ಟು ಕೆಳಗೆ, ನೀರು ಪೂರಾ ಬೆರೆತ ಕಡೆ ಒಂದು. ಮತ್ತೆ ಒಂದೆರಡು ಲಾಗರ್ ಕೈಯಲ್ಲೇ ಇಟ್ಕೊಳ್ಳಿ, ಕಳೆದುಹೋಗೋದಂತೂ ಗ್ಯಾರಂಟಿ.

ಪ್ರಶ್ನೆ: ಡೇಟಾ ಸಿಕ್ಕಿತು, ಆದ್ರೆ ವರ್ಷದ ಸರಾಸರಿ ಹಾಕೋದಾ, ಅತಿ ಬಿಸಿ ವಾರ ಹಾಕೋದಾ, ಗೊತ್ತಾಗ್ತಿಲ್ಲ. ಸಾಫ್ಟ್‌ವೇರ್‌ಗೆ ಎಲ್ಲಾ ಕೊಟ್ಟು ಅದೇ ಆರಿಸ್ಲಿ ಅಂತ ಬಿಡಬಹುದಾ?

ಉತ್ತರ: ಬಿಡಬೇಡಿ. ಎಲ್ಲಾ ಕೊಟ್ರೆ ಅದು ಏನನ್ನೋ ಒಂದನ್ನ ಆರಿಸತ್ತೆ, ಯಾಕೆ ಆರಿಸಿತು ಅಂತ ನಿಮಗೂ ಹೇಳೋಕೆ ಬರಲ್ಲ. ಸರಾಸರಿ, ಗರಿಷ್ಠ, ಬೇಸಿಗೆ ಸರಾಸರಿ ಇವೆಲ್ಲಾ ಒಂದೇ ತಾಯಿ ಮಕ್ಕಳು. ಎರಡು ಪದರ ಎಷ್ಟು ಜೋಡಿಯಾಗಿ ಏರಿಳಿಯತ್ತೆ ಅನ್ನೋ ಪರಸ್ಪರ ಸಂಬಂಧ (1 ಅಂದ್ರೆ ಪೂರ್ತಿ ಜೋಡಿ) 0.7 ದಾಟಿದ್ರೆ ಎರಡರಲ್ಲಿ ಒಂದನ್ನ ಬಿಡಿ ಅಂತ ಸಾಮಾನ್ಯವಾಗಿ ಹೇಳ್ತಾರೆ, ಆದ್ರೆ ಯಾವುದನ್ನ ಬಿಡೋದು ಅನ್ನೋದು ನಿಮ್ಮ ಜೀವಿಯನ್ನ ಕೇಳಿ ತೀರ್ಮಾನ ಮಾಡೋ ವಿಷಯ.

ಬಿಸಿ ಆ ಜೀವಿಯ ಬದುಕನ್ನ ಎಲ್ಲಿ ಹಿಡಿಯತ್ತೆ ಅಂತ ಯೋಚಿಸಿ. ಬಿಸಿ ಏರಿದ್ರೆ ಮೀನಿನ ಮೈಯ ಕೆಲಸ ಜೋರಾಗತ್ತೆ, ಆಮ್ಲಜನಕ ಜಾಸ್ತಿ ಬೇಕಾಗತ್ತೆ, ಆದ್ರೆ ಅದೇ ಹೊತ್ತಿಗೆ ನೀರು ಹಿಡಿದಿಟ್ಕೊಳ್ಳೋ ಆಮ್ಲಜನಕ ಕಡಿಮೆಯಾಗತ್ತೆ. ಸಮುದ್ರಮಟ್ಟದಲ್ಲಿ 10 ಡಿಗ್ರಿ ನೀರು ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಆಮ್ಲಜನಕ ಹಿಡಿಯತ್ತೆ, 20 ಡಿಗ್ರೀಲಿ 9.1, 30ರಲ್ಲಿ 7.5ರ ಆಸುಪಾಸು. ಖರ್ಚು ಏರ್ತಾ ಇದೆ, ಸಂಬಳ ಇಳೀತಾ ಇದೆ. ಇಂಥ ತಂಪುನೀರಿನ ಮೀನಿಗೆ ಅತಿ ಬಿಸಿ ವಾರದ ಸರಾಸರಿನೋ ದಿನದ ಗರಿಷ್ಠಾನೋ ಹಾಕಿ, ಯಾಕಂದ್ರೆ ವರ್ಷದ ಸರಾಸರಿ 12 ಇರೋ ಎರಡು ಹೊಳೇಲಿ ಒಂದು 10ರಿಂದ 14ರ ಒಳಗೇ ಆಡ್ತಿರತ್ತೆ, ಇನ್ನೊಂದು 2ಕ್ಕೆ ಇಳಿದು 25ಕ್ಕೆ ಏರತ್ತೆ.

ಮೊಟ್ಟೆ ಇಡೋಕೆ ಒಂದು ಮಟ್ಟದ ಬಿಸಿ ಬೇಕೇಬೇಕು ಅನ್ನೋ ಜೀವಿಗೆ ಗರಿಷ್ಠದಿಂದ ಏನೂ ಗೊತ್ತಾಗಲ್ಲ, ಆ ಮಟ್ಟ ದಾಟಿದ ದಿನಗಳು ಎಷ್ಟು ಅಂತ ಎಣಿಸಿ. ನೀರಿನ ಹುಳುಗಳು, ಮೀನಿನ ಮರಿಗಳು ಬೆಳೆಯೋದು ದಿನದಿನ ಕೂಡಿಟ್ಟ ಬಿಸಿ ಲೆಕ್ಕದಲ್ಲಿ, ಅವಕ್ಕೆ ಡಿಗ್ರಿ-ದಿನ ಸರಿ, ಅಂದ್ರೆ ಒಂದು ಕನಿಷ್ಠ ಮಟ್ಟಕ್ಕಿಂತ ಪ್ರತಿದಿನ ಎಷ್ಟು ಡಿಗ್ರಿ ಮೇಲಿತ್ತೋ ಅದನ್ನೆಲ್ಲಾ ಕೂಡ್ತಾ ಹೋಗೋದು. ಬೆಚ್ಚಗಿನ ಊರಿಂದ ಬಂದ ಪರಕೀಯ ಜೀವಿ ಎಲ್ಲೀವರೆಗೆ ಹರಡಬಹುದು ಅಂತ ನೋಡುವಾಗ ಚಳಿಗಾಲದ ಕನಿಷ್ಠ ಬೇಕು.

ಬುಲ್ ಟ್ರೌಟ್ ಅಂತ ಒಂದು ಮೀನಿದೆ ಉತ್ತರ ಅಮೆರಿಕದ ಪಶ್ಚಿಮದಲ್ಲಿ, ಕೊರೆಯೋ ನೀರಿಲ್ಲದೆ ಇರಲ್ಲ. ಅದರ ಮರಿಗಳು ಬೆಳೆಯೋ ಜಾಗ ಹುಡುಕೋಕೆ ನಾರ್‌ವೆಸ್ಟ್ ಡೇಟಾದಲ್ಲಿ ಆಗಸ್ಟ್ ಸರಾಸರಿ 11 ಡಿಗ್ರಿ ಅನ್ನೋ ಒಂದು ಗೆರೆ ಇಟ್ಕೊಂಡ್ರು. ಅಲ್ಲಿ ಮರಿಗಳ ಲೆಕ್ಕ ಹಾಕಿದ್ದು ಗಮನಿಸಿ. ದೊಡ್ಡ ಮೀನು ಅಲೆಮಾರಿ, ಬೆಚ್ಚಗಿನ ನದೀಲೂ ಈಜಾಡ್ತಾ ಸಿಗತ್ತೆ, ಅದು ಕಂಡ ಜಾಗವನ್ನೆಲ್ಲಾ ಹಾಕಿದ್ರೆ ಮಾಡೆಲ್‌ಗೆ "ಇದಕ್ಕೆ ಎಲ್ಲಾ ಬಿಸಿಯೂ ಆಗತ್ತೆ" ಅನ್ನೋ ತಪ್ಪು ಪಾಠ ಆಗತ್ತೆ. ನಿಮ್ಮ ದಾಖಲೆಗಳಲ್ಲಿ ಮರಿ ಯಾವುದು, ದೊಡ್ಡದು ಯಾವುದು ಅಂತ ಬೇರೆ ಮಾಡೋಕೆ ಆಗತ್ತಾ ಅಂತ ಮೊದಲು ನೋಡಿ, ಆಮೇಲೆ ಸಾಫ್ಟ್‌ವೇರ್ ತೆಗೀರಿ.

ಪ್ರಶ್ನೆ: ಸ್ಯಾಟಲೈಟ್‌ನಿಂದ ನೀರಿನ ತಾಪಮಾನ ತಗೋಬಹುದಲ್ಲ, ಲಾಗರ್ ಯಾಕೆ?

ಉತ್ತರ: ಸರೋವರಕ್ಕೆ, ಅಗಲವಾದ ನದಿಗೆ ತಗೋಬಹುದು. ಲ್ಯಾಂಡ್‌ಸ್ಯಾಟ್ 8ರ ಬಿಸಿ ಅಳೆಯೋ ಕ್ಯಾಮೆರಾದ ಒಂದು ಚುಕ್ಕೆ ನೆಲದ ಮೇಲೆ 100 ಮೀಟರ್. ನಿಮ್ಮ ಹೊಳೆ 20 ಮೀಟರ್ ಅಗಲ ಇದ್ರೆ ಆ ಚುಕ್ಕೇಲಿ ಹೊಳೆಗಿಂತ ದಡದ ಮರಳೇ ಜಾಸ್ತಿ. ಜೊತೆಗೆ ಅದು 16 ದಿನಕ್ಕೊಮ್ಮೆ ಬರತ್ತೆ, ಬಂದ ದಿನ ಮೋಡ ಇದ್ರೆ ಮುಗೀತು. ಇನ್ನೊಂದು ಮಾತು, ಅದು ನೋಡೋದು ನೀರಿನ ಮೇಲ್ಪದರದ ಚರ್ಮವನ್ನ ಮಾತ್ರ. ಬೇಸಿಗೇಲಿ ಆಳವಾದ ಸರೋವರ ಪದರ ಪದರವಾಗಿ ನಿಂತಿರತ್ತೆ, ಮೇಲೆ 24 ಇದ್ರೆ ತಳದಲ್ಲಿ 6 ಇರಬಹುದು, ತಂಪು ಇಷ್ಟಪಡೋ ಮೀನು ಕೆಳಗೆ ಇಳಿದು ಆರಾಮಾಗಿರತ್ತೆ, ಸ್ಯಾಟಲೈಟ್ ನೋಡಿದವರು ಇಲ್ಲಿ ಆ ಮೀನು ಬದುಕೋಕೆ ಸಾಧ್ಯಾನೇ ಇಲ್ಲ ಅಂತ ಬರೀತಾರೆ.

ಪ್ರಶ್ನೆ: ನಮ್ಮ ಮಾಡೆಲ್ ಒಂದು ಅಣೆಕಟ್ಟಿನ ಕೆಳಗಿನ 60 ಕಿಮೀ ಹೊಳೆ ಈ ಮೀನಿಗೆ ತುಂಬಾ ಚೆನ್ನಾಗಿದೆ ಅಂತ ಹೇಳತ್ತೆ, ಮೂರು ಸಲ ಹೋದ್ರೂ ಒಂದೂ ಸಿಗಲಿಲ್ಲ. ಮಾಡೆಲ್ ತಪ್ಪೋ, ನಮ್ಮ ಬಲೆ ತಪ್ಪೋ?

ಉತ್ತರ: ತೂಬು ಎಲ್ಲಿದೆ ಅಂತ ನೀವು ಬರೆದಿಲ್ಲ. ಆಳದ ತೂಬಿಂದ ನೀರು ಬಿಡೋ ಅಣೆಕಟ್ಟು ಆದ್ರೆ ಜಲಾಶಯದ ತಳದ ತಣ್ಣನೆ ನೀರು ಬೇಸಿಗೆ ಮಧ್ಯದಲ್ಲೂ ಹೊಳೆಗೆ ಬರ್ತಾ ಇರತ್ತೆ. ನಿಮ್ಮ ಗಾಳಿ ಪದರಕ್ಕೆ ಅಲ್ಲೊಂದು ಅಣೆಕಟ್ಟು ಇರೋದೇ ಗೊತ್ತಿಲ್ಲ.

ಇದಕ್ಕೆ ಅಮೆರಿಕದ ಕೊಲೊರಾಡೊ ನದಿಗಿಂತ ಒಳ್ಳೆ ಕಥೆ ಇಲ್ಲ. 1963ರಲ್ಲಿ ಗ್ಲೆನ್ ಕ್ಯಾನಿಯನ್ ಅಣೆಕಟ್ಟಿನ ಬಾಗಿಲು ಮುಚ್ಚಿದ್ರು. ಅದಕ್ಕೆ ಮುಂಚೆ ಅಲ್ಲಿ ನದಿ ಚಳಿಗಾಲದಲ್ಲಿ ಸೊನ್ನೆ ಹತ್ತಿರ, ಬೇಸಿಗೇಲಿ 25 ದಾಟ್ತಿತ್ತು, ಜಲಾಶಯ ತುಂಬಿದ ಮೇಲೆ ದಶಕಗಟ್ಟಲೆ ವರ್ಷಪೂರ್ತಿ 8ರಿಂದ 12 ಡಿಗ್ರಿ ಆಸುಪಾಸು ತಣ್ಣಗೇ ಹರೀತು. ಅಲ್ಲಿಯ ಮೂಲ ನಿವಾಸಿ ಹಂಪ್‌ಬ್ಯಾಕ್ ಚಬ್ ಅನ್ನೋ ಬೆನ್ನುಗೂನಿನ ಮೀನಿಗೆ ಮೊಟ್ಟೆ ಇಟ್ಟು ಮರಿ ಆಗಬೇಕಂದ್ರೆ 16 ಡಿಗ್ರಿಯಾದ್ರೂ ಬೇಕು. ಮುಖ್ಯ ನದೀಲಿ ಅಷ್ಟು ಬಿಸಿ ಸಿಗದೆ ಲಿಟಲ್ ಕೊಲೊರಾಡೊ ಅನ್ನೋ ಬೆಚ್ಚಗಿನ ಉಪನದೀಲಿ ಅದರ ಸಂತಾನ ಉಳ್ಕೊಂಡಿತು. ಅದೇ ಆಕಾಶ, ಅದೇ ಬಿಸಿಲು, ಅದೇ ಗಾಳಿ, ನೀರು ಮಾತ್ರ ಬೇರೆ.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಬರಗಾಲದಿಂದ ಜಲಾಶಯ ಕುಗ್ತಾ ಬಂದು 2022ರ ಹೊತ್ತಿಗೆ ನೀರಿನ ಮಟ್ಟ ಎಷ್ಟು ಇಳೀತು ಅಂದ್ರೆ, ವಿದ್ಯುತ್ತಿಗೆ ನೀರೆಳೆಯೋ ಬಾಯಿ ಹತ್ತಿರಕ್ಕೆ ಮೇಲಿನ ಬೆಚ್ಚನೆ ಪದರ ಬಂದುಬಿಡ್ತು. ಕೆಳಗಿನ ಹೊಳೆ ಬಿಸಿಯಾಯ್ತು. ಚಬ್‌ಗೆ ಒಳ್ಳೇದೇ ಆಯ್ತಲ್ಲ ಅಂತೀರಾ, ಆದ್ರೆ ಅದೇ ಬೇಸಿಗೇಲಿ ಸ್ಮಾಲ್‌ಮೌತ್ ಬಾಸ್ ಅನ್ನೋ ಹೊರಗಿನ ಬೇಟೆಗಾರ ಮೀನು ಅಣೆಕಟ್ಟಿನ ಕೆಳಗೆ ಮರಿ ಮಾಡಿರೋದು ಕಂಡುಬಂತು. ಅದಕ್ಕೂ ಮೊಟ್ಟೆ ಇಡೋಕೆ ಬೇಕಾಗಿರೋದು ಹತ್ತಿರ ಹತ್ತಿರ 16 ಡಿಗ್ರಿನೇ. ಆಮೇಲೆ 2024ರ ಬೇಸಿಗೇಲಿ ಆಳದ ತೂಬುಗಳನ್ನ ತೆರೆದು, ವಿದ್ಯುತ್ ನಷ್ಟ ಆದ್ರೂ ಪರವಾಗಿಲ್ಲ ಅಂತ ತಣ್ಣೀರು ಬೆರೆಸಿ ಹೊಳೇನ ಆ ಮಟ್ಟಕ್ಕಿಂತ ಕೆಳಗೆ ತರೋ ಪ್ರಯತ್ನ ಮಾಡಿದ್ರು. ಸ್ಥಳೀಯ ಮೀನಿಗೆ ಬೇಕಾದ ಬಿಸಿ, ಅದನ್ನ ತಿನ್ನೋ ಮೀನಿಗೆ ಬೇಕಾದ ಬಿಸಿ ಎರಡೂ ಒಂದೇ ಆದಾಗ ಯಾವ ಮಾಡೆಲ್ ಏನು ಹೇಳತ್ತೆ ಹೇಳಿ. ತಾಪಮಾನ ಸರಿಯಾಗಿದೆ ಅಂತಷ್ಟೇ ಹೇಳತ್ತೆ.

ನಿಮ್ಮ ವಿಷಯಕ್ಕೆ ಬರೋಣ. ಅಣೆಕಟ್ಟಿನ ಕೆಳಗೆ 1, 10, 30, 60 ಕಿಮೀ ದೂರದಲ್ಲಿ ಒಂದೊಂದು ಲಾಗರ್ ಹಾಕಿ, ಅಣೆಕಟ್ಟಿನ ಮೇಲ್ಗಡೆ ಸಹಜವಾಗಿ ಹರಿಯೋ ಕಡೆ ಒಂದು. ಗಾಳಿ ಜೊತೆ ನೀರು ಎಲ್ಲಿಂದ ಮತ್ತೆ ಹೊಂದ್ಕೊಳ್ಳತ್ತೆ ಅಂತ ಗೊತ್ತಾದ್ರೆ ಅಲ್ಲಿಂದ ಕೆಳಗೆ ಬಲೆ ಹಾಕಿ ನೋಡಿ. ಮಾಡೆಲ್‌ಗೆ "ಮೇಲ್ಗಡೆ ಇರೋ ದೊಡ್ಡ ಜಲಾಶಯದಿಂದ ಎಷ್ಟು ದೂರ" ಅನ್ನೋ ಒಂದು ಪದರ ಸೇರಿಸಿ. ಹೈಡ್ರೋಶೆಡ್ಸ್ ಬಳಗದ ನದಿಜಾಲ ಡೇಟಾ ಉಚಿತವಾಗಿ ಸಿಗತ್ತೆ, ಅದರ ಮೇಲೆ ಇದನ್ನ ಲೆಕ್ಕ ಹಾಕೋದು ಕಷ್ಟ ಇಲ್ಲ. ಮತ್ತೆ ಹಾಂ, ಅಣೆಕಟ್ಟು ಅಂದ್ರೆ ಬರೀ ತಣ್ಣೀರಲ್ಲ, ಮೀನಿಗೆ ಅದೊಂದು ಗೋಡೆ ಕೂಡ. ಮೀನು ಕೆಳಗಿಂದ ವಲಸೆ ಬರೋ ಜಾತಿ ಆಗಿದ್ರೆ, ನಡುವೆ ಇನ್ನೊಂದು ಕಟ್ಟೆ ಇದ್ರೆ, ಬಿಸಿ ಎಷ್ಟೇ ಚೆನ್ನಾಗಿದ್ರೂ ಅಲ್ಲಿಗೆ ಬರೋ ದಾರಿನೇ ಇಲ್ಲ.

ಪ್ರಶ್ನೆ: ನಾನು ಏರೋಪ್ಲೇನ್ ಚಿಟ್ಟೆಗಳ ಮೇಲೆ ಕೆಲಸ ಮಾಡ್ತೀನಿ. ನನಗೆ ಯಾವ ತಾಪಮಾನ, ಗಾಳಿದಾ ನೀರಿಂದಾ?

ಉತ್ತರ: ಎರಡೂ. ಮರಿ ನೀರಲ್ಲಿ, ದೊಡ್ಡದು ಗಾಳೀಲಿ. ಮೀನಿನವರು ಗಾಳಿ ಪದರ ಹಾಕಿದ್ರೆ ಬೈತೀನಿ, ನೀವು ಹಾಕದಿದ್ರೆ ಬೈತೀನಿ. ಮರಿ ಬೆಳೆಯೋಕೆ ನೀರಿನ ಡಿಗ್ರಿ-ದಿನ, ಹಾರಾಟದ ಕಾಲಕ್ಕೆ ಗಾಳಿ. ಎರಡೂ ತೀರಾ ಜೋಡಿಯಾಗಿ ಓಡ್ತಿದ್ರೆ ಗಾಳಿಯನ್ನ ಹಾಗೇ ಇಟ್ಟು, ನೀರು-ಗಾಳಿಯ ವ್ಯತ್ಯಾಸವನ್ನ ಎರಡನೇ ಪದರ ಮಾಡಿ ಹಾಕಿ ನೋಡಿ.

ಪ್ರಶ್ನೆ: ಮುಂದೆ ಭೂಮಿ 2 ಡಿಗ್ರಿ ಬಿಸಿಯಾದ್ರೆ ಅಂತ ಲೆಕ್ಕ ಹಾಕೋಕೆ, ಎಲ್ಲಾ ಹೊಳೆಗೂ 2 ಡಿಗ್ರಿ ಕೂಡಿಸಿದ್ರೆ ಆಗತ್ತಾ? ಒಂದು ರಿಪೋರ್ಟ್‌ಗೆ ತುರ್ತಾಗಿ ಬೇಕು.

ಉತ್ತರ: ತುರ್ತಾಗಿ ಬೇಕು ಅಂತ ಕೇಳಿದವರಿಗೆ ನಿಧಾನದ ಉತ್ತರ ಕೊಡ್ತಿರೋದಕ್ಕೆ ಕ್ಷಮಿಸಿ. ಆಗಲ್ಲ. ಗಾಳಿ 1 ಡಿಗ್ರಿ ಏರಿದ್ರೆ ನೀರು ಎಷ್ಟು ಏರತ್ತೆ ಅನ್ನೋದು ಹೊಳೆಯಿಂದ ಹೊಳೆಗೆ ಬೇರೆ. ಮಳೆನೀರು, ಮೇಲ್ಮೈ ನೀರಿಂದ ತುಂಬೋ ಬಯಲಿನ ಹೊಳೆ ಗಾಳಿಯನ್ನ ಹೆಚ್ಚುಕಡಿಮೆ ಹಿಂಬಾಲಿಸತ್ತೆ, ಒರತೆಯ ಹಳ್ಳ ಅದರ ಸಣ್ಣ ಪಾಲು ಮಾತ್ರ. ಎಲ್ಲಕ್ಕೂ 2 ಕೂಡಿಸಿದ್ರೆ ತಂಪಾಗಿ ಉಳಿಯಬಹುದಾಗಿದ್ದ ಹಳ್ಳಗಳನ್ನ ನೀವೇ ಮ್ಯಾಪಿಂದ ಅಳಿಸಿಬಿಡ್ತೀರಿ, ರಿಪೋರ್ಟ್ ಓದಿದ ಇಲಾಖೆ ಅಲ್ಲಿಯ ಮರ ಕಾಪಾಡೋದೇ ಬೇಡ ಅನ್ಕೊಳ್ಳತ್ತೆ. ನಿಮ್ಮ ಹತ್ರ ಒಂದು ವರ್ಷದ ಜೋಡಿ ಡೇಟಾ ಇದ್ರೂ, ಪ್ರತಿ ಹೊಳೆಗೂ ಗಾಳಿ-ನೀರಿನ ಗೆರೆಯ ಇಳಿಜಾರು (ಗಾಳಿ 1 ಡಿಗ್ರಿ ಏರಿದ್ರೆ ನೀರು ಎಷ್ಟು ಏರತ್ತೆ ಅನ್ನೋದು) ಎಷ್ಟು ಅಂತ ತೆಗೆದು, 2ನ್ನ ಅದರಿಂದ ಗುಣಿಸಿ ಕೂಡಿಸಿ, ಮೊದಲಿಗಿಂತ ಎಷ್ಟೋ ವಾಸಿ. ಅದೂ ಪೂರ್ತಿ ಸತ್ಯ ಅಲ್ಲ, ಅಂತರ್ಜಲ ಕೂಡ ವರ್ಷಗಳು ಕಳೆದ ಹಾಗೆ ನಿಧಾನವಾಗಿ ಬಿಸಿಯಾಗತ್ತೆ, ಬೇಸಿಗೆಯ ಹರಿವು ಕಡಿಮೆಯಾದ್ರೆ ಉಳಿದ ಸ್ವಲ್ಪ ನೀರು ಬೇಗ ಕಾಯತ್ತೆ.

ಇನ್ನೊಂದು ಅಪಾಯ ಇದೆ. ಇವತ್ತಿನ ಡೇಟಾದಲ್ಲಿ ಅತಿ ಬಿಸಿ ಹೊಳೆ 27 ಇದ್ದು, ಭವಿಷ್ಯದ ಪದರದಲ್ಲಿ 30 ಬಂದ್ರೆ, ಆ 30ರ ಬಗ್ಗೆ ಮಾಡೆಲ್ ಏನೂ ಕಲಿತಿಲ್ಲ, ಊಹೆ ಮಾಡತ್ತೆ, ಕೆಲವು ಸಲ ವಿಚಿತ್ರವಾಗಿ ಊಹೆ ಮಾಡತ್ತೆ. ಅಂಥ ಜಾಗಗಳನ್ನ ಮ್ಯಾಪಲ್ಲಿ ಬೂದು ಬಣ್ಣ ಹಾಕಿ ಬೇರೆ ತೋರಿಸಿ. ಆ ಮೀನಿಗೆ ಪ್ರಯೋಗಾಲಯದಲ್ಲಿ ಅತಿ ಹೆಚ್ಚು ತಡೆಯೋ ಬಿಸಿ ಅಳೆದಿದ್ರೆ ಅದನ್ನೂ ಪಕ್ಕದಲ್ಲಿಟ್ಟು ನೋಡಿ, ಆದ್ರೆ ಒಂದು ಎಚ್ಚರ, ಅಲ್ಲಿ ತೊಟ್ಟಿ ನೀರನ್ನ ಸಾಮಾನ್ಯವಾಗಿ ನಿಮಿಷಕ್ಕೆ ಡಿಗ್ರಿಯ ಮೂರನೇ ಒಂದು ಭಾಗದಷ್ಟು ಬೇಗ ಬಿಸಿ ಮಾಡ್ತಾ ಮೀನು ಸಮತೋಲ ತಪ್ಪೋ ಕ್ಷಣ ನೋಡ್ತಾರೆ. ಹೊಳೇಲಿ ಮೀನು ಅದಕ್ಕಿಂತ ಎಷ್ಟೋ ಕಡಿಮೆ ಬಿಸೀಲೇ ಸೋತಿರತ್ತೆ, ಮೇಯೋದು ಬಿಟ್ಟಿರತ್ತೆ, ಬೇರೆ ಕಡೆ ಹೋಗಿರತ್ತೆ.

ಪ್ರಶ್ನೆ: ನಾನು ಶಾಲಾ ಟೀಚರ್, ವಿಜ್ಞಾನಿ ಅಲ್ಲ. ಮಕ್ಕಳು ಮೂರು ವರ್ಷದಿಂದ ವಾರಕ್ಕೊಮ್ಮೆ ಪಕ್ಕದ ಹೊಳೇಲಿ ಥರ್ಮಾಮೀಟರ್ ಹಿಡಿದು ತಾಪಮಾನ ಬರ್ಕೊಂಡಿದಾರೆ. ಯಾರಿಗಾದ್ರೂ ಉಪಯೋಗ ಆಗತ್ತಾ ಸರ್, ಅಥವಾ ಪಾಠಕ್ಕೆ ಅಷ್ಟೇನಾ?

ಉತ್ತರ: ಮೇಡಂ, ಮೂರು ವರ್ಷ ಬಿಡದೆ ಬರೆದಿದಾರೆ ಅಂದ್ರೆ ಆ ಪುಸ್ತಕಾನ ಮೊದಲು ಫೋಟೋ ತೆಗೆದಿಡಿ. ಉಪಯೋಗ ಆಗತ್ತಾ ಅನ್ನೋದು ಒಂದೇ ವಿಷಯದ ಮೇಲೆ ನಿಂತಿದೆ, ಎಷ್ಟು ಗಂಟೆಗೆ ಅಳೆದ್ರು ಅಂತ ಬರ್ಕೊಂಡಿದಾರಾ? ಒಂದೇ ಹೊಳೇಲಿ ಬೆಳಗ್ಗೆ 7ಕ್ಕೂ ಮಧ್ಯಾಹ್ನ 3ಕ್ಕೂ 5-6 ಡಿಗ್ರಿ ವ್ಯತ್ಯಾಸ ಇರಬಹುದು, ಗಂಟೆ ಗೊತ್ತಿಲ್ಲದ ಅಳತೆ ಯಾವುದಕ್ಕೂ ಹೋಲಿಸೋಕೆ ಬರಲ್ಲ. ಯಾವಾಗ್ಲೂ ಪ್ರಾರ್ಥನೆ ಆದ ಮೇಲೆ ಒಂದೇ ಹೊತ್ತಿಗೆ ಹೋಗ್ತಿದ್ರೆ ಬರೆಯದಿದ್ರೂ ನಡೆಯತ್ತೆ, ಮೊದಲ ಪುಟದಲ್ಲಿ ಅದನ್ನ ಈಗ್ಲೇ ಬರೆದಿಡಿ. ಥರ್ಮಾಮೀಟರನ್ನ ಐಸ್ ನೀರಲ್ಲಿ ಮುಳುಗಿಸಿ ಸೊನ್ನೆ ತೋರಿಸತ್ತಾ ನೋಡಿ, 1 ಡಿಗ್ರಿ ಜಾಸ್ತಿ ತೋರಿಸಿದ್ರೆ ಅದನ್ನೂ ಅದೇ ಪುಟದಲ್ಲಿ ಬರೀರಿ, ಹಳೇ ಅಂಕಿಗಳನ್ನ ತಿದ್ದಬೇಡಿ. ನಡುವೆ ಥರ್ಮಾಮೀಟರ್ ಒಡೆದು ಹೊಸದು ತಂದಿದ್ರೆ ಆ ತಾರೀಖೂ ಬೇಕು. ಇನ್ಮೇಲೆ ಅಳೆಯುವಾಗ ದಡದಲ್ಲಿ ನೆರಳಲ್ಲಿ ಗಾಳಿಯದ್ದೂ ಒಂದು ಅಳತೆ ತಗೊಳ್ಳೋಕೆ ಹೇಳಿ. ಈ ಸಂಚಿಕೇಲೇ ಎಂಎಸ್ಸಿ ಹುಡುಗ ಎರಡು ತಿಂಗಳು ಒದ್ದಾಡಿ ಹುಡುಕಿದ್ದು ಇಂಥದ್ದನ್ನೇ. ಆಮೇಲೆ ಆ ದಿನ ನೀರಲ್ಲಿ ಕಂಡ ಮೀನು, ಏಡಿ, ಹುಳು ಏನಿದ್ರೂ ಮಕ್ಕಳು ಕರೆಯೋ ಹೆಸರಲ್ಲೇ ಬರೆದು, ಸಾಧ್ಯ ಆದ್ರೆ ಒಂದು ಫೋಟೋ ತೆಗೆದಿಡಲಿ, ಹೆಸರು ಆಮೇಲೆ ಯಾರಾದ್ರೂ ಗುರುತಿಸಿ ಹೇಳ್ತಾರೆ. ಏನೂ ಕಾಣದ ದಿನ "ಏನೂ ಇಲ್ಲ" ಅಂತ ಬರೆಯೋದನ್ನ ಮಾತ್ರ ಮರೆಯದಿರಲಿ, ದೊಡ್ಡವರು ಅದನ್ನ ಬರೆಯೋದೇ ಇಲ್ಲ.